ಸಂತರ ಹಬ್ಬ ಅವರು ತೀರಿಕೊಂಡ ದಿನವೇ ಯಾಕೆ?

ಪ್ರಶ್ನೆ: ಕ್ರಿಸ್ಮಸ್ ಅಂದರೆ ಯೇಸು ಹುಟ್ಟಿದ ದಿನ. ಹಾಗಿದ್ದ ಮೇಲೆ ಸಂತರ ಹಬ್ಬ ಮಾತ್ರ ಅವರು ಸತ್ತ ದಿನ ಯಾಕೆ?

ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳು, ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಡಿಸೆಂಬರ್ 3ಕ್ಕೆ ಫ್ರಾನ್ಸಿಸ್ ಝೇವಿಯರ್, 6ಕ್ಕೆ ನಿಕೋಲಸ್, 13ಕ್ಕೆ ಲೂಸಿ, 14ಕ್ಕೆ ಶಿಲುಬೆಯ ಯೊವಾನ್ನ. ಒಂದರ ಹಿಂದೆ ಒಂದು ಹಬ್ಬ. ಝೇವಿಯರ್ ತೀರಿಕೊಂಡದ್ದು 1552ರಲ್ಲಿ, ಚೀನಾದ ದಡ ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ದ್ವೀಪದಲ್ಲಿ. ದಡ ಮುಟ್ಟಲು ಆಗಲೇ ಇಲ್ಲ. ಅಂಥ ದಿನವನ್ನು ಹಬ್ಬ ಅನ್ನುವುದು ವಿಚಿತ್ರ ಅನಿಸುತ್ತದೆ, ಅಲ್ವಾ?

ಉತ್ತರ ಹಳೆಯದು. ಧರ್ಮಸಭೆ (ಕಥೋಲಿಕ ಚರ್ಚ್) ಆ ದಿನವನ್ನು ಸಾವಿನ ದಿನ ಅಂತ ಕರೆಯುವುದೇ ಇಲ್ಲ. ಲ್ಯಾಟಿನ್‌ನಲ್ಲಿ ಅದಕ್ಕೆ ‘ದಿಯೆಸ್ ನತಾಲಿಸ್’ ಅನ್ನುತ್ತಾರೆ. ಅಂದರೆ ಹುಟ್ಟಿದ ದಿನ, ಸ್ವರ್ಗದಲ್ಲಿ ಹುಟ್ಟಿದ ದಿನ. ಎರಡನೇ ಶತಮಾನದಲ್ಲೇ ಈ ಮಾತು ಸಿಗುತ್ತದೆ. ಸ್ಮಿರ್ನದ (ಇಂದಿನ ಟರ್ಕಿಯ ಇಜ್ಮಿರ್) ಧರ್ಮಾಧ್ಯಕ್ಷ, ಅಂದರೆ ಬಿಷಪ್, ಪೊಲಿಕಾರ್ಪರನ್ನು ಬೆಂಕಿಗೆ ಒಡ್ಡಿ ಕೊಂದರು. ಅಲ್ಲಿನ ಕ್ರೈಸ್ತರು ಸುಟ್ಟು ಉಳಿದ ಮೂಳೆಗಳನ್ನು ಆರಿಸಿಕೊಂಡರು. ರತ್ನಕ್ಕಿಂತ ಹೆಚ್ಚು ಅಂತ ಜೋಪಾನ ಮಾಡಿದರು. ಪ್ರತಿ ವರ್ಷ ಅಲ್ಲಿ ಸೇರಿ ಅವರ ರಕ್ತಸಾಕ್ಷಿಯ (ನಂಬಿಕೆಗಾಗಿ ಪ್ರಾಣ ಕೊಟ್ಟದ್ದರ) ಜನ್ಮದಿನ ಆಚರಿಸುತ್ತೇವೆ ಎಂದು ಬೇರೆ ಊರಿನವರಿಗೆ ಪತ್ರ ಬರೆದರು.

ಆಗ ಮಾಮೂಲಿ ಹುಟ್ಟುಹಬ್ಬದ ಬಗ್ಗೆ ಕ್ರೈಸ್ತರಿಗೆ ಅಷ್ಟೇನೂ ಒಲವಿರಲಿಲ್ಲ. ಬೈಬಲಿನಲ್ಲಿ ಹುಟ್ಟುಹಬ್ಬದ ಔತಣ ಇಟ್ಟವರು ಯಾರು ನೋಡಿ. ಒಬ್ಬ ಫರೋಹ, ಅಂದೇ ತನ್ನ ಅಡಿಗೆಯವನನ್ನು ಗಲ್ಲಿಗೇರಿಸಿದ. ಇನ್ನೊಬ್ಬ ಹೆರೋದ, ಅಂದೇ ಸ್ನಾನಿಕ ಯೊವಾನ್ನರ (ಜಾನ್ ದ ಬ್ಯಾಪ್ಟಿಸ್ಟ್) ತಲೆ ತೆಗೆಸಿದ. ಇದನ್ನು ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಎತ್ತಿ ತೋರಿಸಿದ್ದರು. ನನಗೆ ಇದು ಸ್ವಲ್ಪ ಅತಿ ಅನಿಸಿದರೂ ಮರೆಯಲಾಗದ ಮಾತು.

ತಮಾಷೆ ಅಂದರೆ ಹುಟ್ಟಿದ ದಿನವೂ ಹಬ್ಬವಾಗಿರುವುದು ಅದೇ ಯೊವಾನ್ನರಿಗೆ. ಇಡೀ ಧರ್ಮಸಭೆಗೆ ಅನ್ವಯಿಸುವ ಸಾರ್ವತ್ರಿಕ ಪಂಚಾಂಗದಲ್ಲಿ ಜನನದ ಹಬ್ಬ ಇರುವುದು ಮೂವರಿಗೆ ಮಾತ್ರ: ಡಿಸೆಂಬರ್ 25ಕ್ಕೆ ಯೇಸು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯ, ಜೂನ್ 24ಕ್ಕೆ ಯೊವಾನ್ನ. ಮರಿಯಳ ದನಿ ಕೇಳಿ ತಾಯಿಯ ಹೊಟ್ಟೆಯೊಳಗೇ ನಲಿದಾಡಿದ ಮಗು ಅದು. ಆಗಲೇ ಪವಿತ್ರವಾಯಿತು ಅನ್ನುವುದು ಧರ್ಮಸಭೆಯ ನಂಬಿಕೆ. ಜೂನ್ 24ರ ಸುಮಾರಿಗೆ ಭೂಮಿಯ ಉತ್ತರ ಭಾಗದಲ್ಲಿ ಹಗಲು ಕುಗ್ಗತೊಡಗುತ್ತದೆ, ಡಿಸೆಂಬರ್ 25ರ ಸುಮಾರಿಗೆ ಬೆಳೆಯತೊಡಗುತ್ತದೆ. ‘ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು’ ಎಂದವರು ಯೊವಾನ್ನರೇ. ಸಂತ ಅಗಸ್ಟೀನರು ಇವೆರಡನ್ನೂ ಜೋಡಿಸಿ ಪ್ರಸಂಗ ಮಾಡಿದ್ದರು.

ಇನ್ನು ಕೆಲವರ ತಾರೀಖು ತಾಳೆಯಾಗುವುದಿಲ್ಲ. ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರು ತೀರಿಕೊಂಡದ್ದು 397ರ ಏಪ್ರಿಲ್ 4ರಂದು, ಅದು ಪಾಸ್ಕ ಹಬ್ಬದ (ಈಸ್ಟರ್) ಹಿಂದಿನ ದಿನ. ಆ ತಾರೀಖು ಎಷ್ಟೋ ವರ್ಷ ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲಕ್ಕೋ ಪಾಸ್ಕ ವಾರಕ್ಕೋ ಸಿಕ್ಕಿಬೀಳುತ್ತದೆ. ಹಾಗಾಗಿ ಅವರು ಧರ್ಮಾಧ್ಯಕ್ಷರಾದ ಡಿಸೆಂಬರ್ 7ನ್ನೇ ಹಬ್ಬ ಮಾಡಿದರು. ಸ್ಪೇನಿನ ಸನ್ಯಾಸಿನಿ ಆವಿಲದ ತೆರೇಸರ ಕಥೆ ಇನ್ನೂ ಮಜಾ. 1582ರ ಅಕ್ಟೋಬರ್ 4ರ ರಾತ್ರಿ ಅವರು ಕಣ್ಣುಮುಚ್ಚಿದರು. ಬೆಳಗಾದಾಗ ಅಕ್ಟೋಬರ್ 15! ಪಂಚಾಂಗ ಸರಿಪಡಿಸಲು ನಡುವಿನ ಹತ್ತು ದಿನ ಕಿತ್ತುಹಾಕಿದ್ದು ಅದೇ ರಾತ್ರಿ. ಅವರ ಹಬ್ಬ 15ಕ್ಕೆ.

ಆಗಮನ ಕಾಲವೂ ಸಂತರಿಗೆ ಸುಮ್ನೆ ಜಾಗ ಬಿಟ್ಟುಕೊಡುವುದಿಲ್ಲ. ಆ ಕಾಲದ ಭಾನುವಾರಕ್ಕೇ ಮೊದಲ ಸ್ಥಾನ; ಡಿಸೆಂಬರ್ 6 ಭಾನುವಾರ ಬಂದರೆ ಆ ವರ್ಷ ನಿಕೋಲಸರ ಸ್ಮರಣೆ ಇಲ್ಲ. 2024ರಲ್ಲಿ ಡಿಸೆಂಬರ್ 8 ಭಾನುವಾರ ಬಿತ್ತು, ಅಂದಿನ ಮಾತೆ ಮರಿಯಳ ಅಮಲೋದ್ಭವದ (ಪಾಪದ ಸೋಂಕಿಲ್ಲದೆ ತಾಯಿಯ ಗರ್ಭದಲ್ಲಿ ಮೂಡಿದ್ದರ) ಹಬ್ಬವೇ ಸೋಮವಾರಕ್ಕೆ ಹೋಯಿತು. ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬರಾದ ಪ್ರೇಷಿತ ತೋಮರ ಹಬ್ಬ ಮೊದಲು ಡಿಸೆಂಬರ್ 21ಕ್ಕಿತ್ತು. ಕ್ರಿಸ್ಮಸ್‌ಗೆ ಮುಂಚಿನ ಆ ಕೊನೆಯ ದಿನಗಳನ್ನು ಖಾಲಿ ಬಿಡಬೇಕೆಂದು 1969ರಲ್ಲಿ ಅದನ್ನು ಜುಲೈ 3ಕ್ಕೆ ಕಳಿಸಿದರು.