ನಾಬ್ ತಿರುವುವ ಮುನ್ನ: ಬಿಸಿಲು ಸೀಮೆಯಲ್ಲಿ ಏರ್ ರೈಫಲ್‌ನ ಝೀರೋ

ಏಪ್ರಿಲ್ ತಿಂಗಳ ಕಲಬುರಗಿ. ಬೆಳಿಗ್ಗೆ 7 ಗಂಟೆಗೆ ಪತ್ರಾ ಶೆಡ್ಡಿನ ರೇಂಜ್‌ನಲ್ಲಿ ಟಾರ್ಗೆಟ್‌ನ ಹತ್ತರ ಮೇಲೆ ಕೂತಿದ್ದ ಗ್ರೂಪ್ (ಸಾಲಾಗಿ ಹೊಡೆದ ಶಾಟ್‌ಗಳ ತೂತುಗಳ ಗುಂಪು), 11 ಗಂಟೆ ಹೊತ್ತಿಗೆ ಎಡಕ್ಕೂ ಕೆಳಕ್ಕೂ ಜಾರಿ 9ರ ಗೆರೆ ಮುಟ್ಟಿರುತ್ತದೆ. ಹುಡುಗರ ಕೈ ತಾನಾಗಿ ರಿಯರ್ ಸೈಟಿನ (ಕಣ್ಣಿನ ಬಳಿಯ ಗುರಿಸಾಧನದ) ನಾಬಿಗೆ ಹೋಗುತ್ತದೆ. ನಾಲ್ಕು ಕ್ಲಿಕ್ ಬಲಕ್ಕೆ, ಮೂರು ಕ್ಲಿಕ್ ಮೇಲಕ್ಕೆ. ಮರುದಿನ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅದೇ ಗ್ರೂಪ್ ಬಲಕ್ಕೆ, ಮೇಲಕ್ಕೆ. ಮತ್ತೆ ನಾಬು. ಹದಿನೈದು ದಿನ ಹೀಗೇ ನಡೆದರೆ ರೈಫಲ್‌ನ ನಿಜವಾದ ಝೀರೋ, ಅಂದರೆ ಗುರಿಯಿಟ್ಟಲ್ಲೇ ಪೆಲೆಟ್ (ಸೀಸದ ಗುಂಡು) ಬೀಳುವ ಸೈಟಿನ ಸ್ಥಾನ, ಎಲ್ಲಿತ್ತು ಎನ್ನುವುದೇ ಯಾರಿಗೂ ನೆನಪಿರುವುದಿಲ್ಲ.

ಬಿಸಿಲಿಗೆ ರೈಫಲ್ ಕೆಟ್ಟಿತು ಎಂಬ ಮಾತು ನಮ್ಮ ಭಾಗದಲ್ಲಿ ಬೇಸಿಗೆ ತುಂಬ ಕೇಳಿಬರುತ್ತದೆ. ಬಹಳ ಸಲ ಕೆಟ್ಟಿರುವುದು ರೈಫಲ್ ಅಲ್ಲ. ಗಾಳಿ, ಬೆಳಕು, ಜಾಕೆಟ್, ಪೆಲೆಟ್, ರೈಫಲ್‌ನ ಗಾಳಿ ಸಿಲಿಂಡರಿನ ಒತ್ತಡ ಇವುಗಳಲ್ಲಿ ಯಾವುದೋ ಒಂದು ಬದಲಾಗಿರುತ್ತದೆ. ಯಾವುದು ಎಂದು ತಿಳಿಯುವ ತನಕ ನಾಬನ್ನು ಮುಟ್ಟಬಾರದು. ಶೂಟಿಂಗ್ ಕಲಿಯುವ ಮಕ್ಕಳಿಗೆ ಮೊದಲ ತಿಂಗಳಲ್ಲೇ ಹೇಳಿಕೊಡಬೇಕಾದ ಸಂಗತಿ ಇದು.

ಅಳತೆ ಎಷ್ಟು ಸೂಕ್ಷ್ಮ ನೋಡಿ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆಯ ವ್ಯಾಸ 0.5 ಮಿ.ಮೀ. ಅಲ್ಲಿಂದ ಹೊರಗೆ ಒಂದೊಂದು ವಲಯಕ್ಕೆ 2.5 ಮಿ.ಮೀ. ದಶಾಂಶದ ಲೆಕ್ಕದಲ್ಲಿ 0.1 ಅಂಕ ಎಂದರೆ 0.25 ಮಿ.ಮೀ. ಅಂದರೆ ಒಂದೇ ಮಿಲಿಮೀಟರ್ ಸರಿದರೆ 0.4 ಅಂಕ ಹೋಯಿತು. 60 ಶಾಟ್‌ಗಳ ಪಂದ್ಯದುದ್ದಕ್ಕೂ ಹಾಗೇ ಉಳಿದರೆ 24 ಅಂಕ. ಇಷ್ಟು ಸಣ್ಣ ಅಳತೆಯಲ್ಲಿ ಅಂದಾಜಿನ ಕೆಲಸ ನಡೆಯುವುದಿಲ್ಲ.

ಆದ್ದರಿಂದ ನಿಮ್ಮ ಸೈಟಿನ ಒಂದು ಕ್ಲಿಕ್ ಎಷ್ಟು ಸರಿಸುತ್ತದೆ ಎಂಬುದನ್ನು ನೀವೇ ಅಳೆದಿಟ್ಟುಕೊಳ್ಳಿ. ರೈಫಲ್‌ನ ಮುಂಭಾಗವನ್ನು ಮರಳಿನ ಚೀಲದ ಮೇಲಿಟ್ಟು ಐದು ಶಾಟ್ ಹೊಡೆಯಿರಿ. ಗುರಿಯ ಜಾಗ ಬದಲಿಸದೆ ನಾಬನ್ನು ಸರಿಯಾಗಿ 20 ಕ್ಲಿಕ್ ಬಲಕ್ಕೆ ತಿರುವಿ ಇನ್ನೈದು ಹೊಡೆಯಿರಿ. ಎರಡೂ ಗ್ರೂಪ್‌ಗಳ ನಡುಬಿಂದುಗಳ ಅಂತರವನ್ನು ಅಳೆದು 20ರಿಂದ ಭಾಗಿಸಿ. ಅಂತರ 5 ಮಿ.ಮೀ. ಬಂದರೆ ಒಂದು ಕ್ಲಿಕ್‌ಗೆ 0.25 ಮಿ.ಮೀ. ಈಗ 20 ಕ್ಲಿಕ್ ವಾಪಸ್ ತಿರುವಿ ಮತ್ತೆ ಐದು. ಈ ಮೂರನೆಯ ಗ್ರೂಪ್ ಮೊದಲನೆಯದರ ಮೇಲೆಯೇ ಕೂರಬೇಕು. ಅರ್ಧ ಮಿ.ಮೀ. ಆಚೀಚೆ ಕೂತರೆ ಸೈಟಿನ ಸ್ಕ್ರೂವಿನಲ್ಲಿ ಆಟ ಇದೆ ಎಂದರ್ಥ. ಆಟ ಇರುವ ಸೈಟನ್ನು ಯಾವಾಗಲೂ ಒಂದೇ ದಿಕ್ಕಿನಿಂದ ನಿಲ್ಲಿಸಬೇಕು: ಎಡಕ್ಕೆ ಮೂರು ಕ್ಲಿಕ್ ಬೇಕಿದ್ದರೆ ಎಡಕ್ಕೆ ಎಂಟು ಹೋಗಿ, ಬಲಕ್ಕೆ ಐದು ಬನ್ನಿ. ನಾಬಿನ ಮೇಲಿನ ಬಾಣದ ಗುರುತು ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಕೆಲವದರಲ್ಲಿ ಅದು ಪೆಲೆಟ್ ಹೋಗಬೇಕಾದ ದಿಕ್ಕು, ಕೆಲವದರಲ್ಲಿ ಪೆಲೆಟ್ ಬಿದ್ದ ದಿಕ್ಕು. ಈ ಪರೀಕ್ಷೆಯಲ್ಲಿ ಅದೂ ಗೊತ್ತಾಗುತ್ತದೆ.

ಈಗ ಶಾಖದ ಮಾತು. 4.5 ಮಿ.ಮೀ. ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ, ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 18 ಮಿ.ಮೀ. ಕೆಳಗಿಳಿದಿರುತ್ತದೆ. ವೇಗ 5 ಮೀಟರ್ ಕಡಿಮೆಯಾದರೆ ಇನ್ನೂ ಸುಮಾರು 1 ಮಿ.ಮೀ. ಇಳಿಯುತ್ತದೆ. ಹಾಗಾಗಿ ಗ್ರೂಪ್ ನೇರ ಕೆಳಗೆ ಇಳಿದಿದ್ದರೆ ಮೊದಲು ನೋಡಬೇಕಾದ್ದು ಸಿಲಿಂಡರಿನ ಒತ್ತಡ ತೋರಿಸುವ ಮಾನೋಮೀಟರ್. ಪ್ರತಿ ಶಾಟ್‌ಗೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್‌ಗೆ ಬೇಕಾದ ಒತ್ತಡಕ್ಕಿಂತ ಸಿಲಿಂಡರ್ ಕೆಳಗೆ ಬಂದಾಗ ವೇಗ ಒಮ್ಮೆಗೇ ಕುಸಿಯುತ್ತದೆ. ಕೆಳಮಿತಿ ಎಷ್ಟೆಂದು ರೈಫಲ್‌ನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದಕ್ಕಿಂತ 10–15 ಬಾರ್ (ಒತ್ತಡದ ಅಳತೆ) ಮೇಲಿರುವಾಗಲೇ ತುಂಬಿಸಿಬಿಡಿ.

ಬಿಸಿ ಗಾಳಿ ತೆಳ್ಳಗಿರುತ್ತದೆ, ಪೆಲೆಟ್ ಮೇಲೆ ಹೋಗುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ 10 ಮೀಟರ್‌ಗೆ ಅದರ ಪಾಲು ತೀರ ಕಡಿಮೆ. 15 ಡಿಗ್ರಿಯ ಬೆಳಗಿಗೂ 42 ಡಿಗ್ರಿಯ ಮಧ್ಯಾಹ್ನಕ್ಕೂ ಲೆಕ್ಕ ಹಾಕಿದರೆ 0.1 ಮಿ.ಮೀ. ಆಚೀಚೆ ಬರುತ್ತದೆ. ಎತ್ತರವೂ ಅಷ್ಟೇ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್, ಬೆಂಗಳೂರು ಸುಮಾರು 920. ಅಲ್ಲಿ ಗ್ರೂಪ್ 2 ಮಿ.ಮೀ. ಮೇಲೆ ಹೋಯಿತೆಂದರೆ ಊರಿನ ಎತ್ತರವನ್ನು ಕಾರಣ ಮಾಡಬೇಡಿ, ಬೇರೆ ಏನನ್ನೋ ಹುಡುಕಿ.

ಶಾಖ ನಿಜವಾಗಿ ಕೆಲಸ ಮಾಡುವುದು ಸಿಲಿಂಡರಿನ ಒಳಗೆ. 20 ಡಿಗ್ರಿಯಲ್ಲಿ 200 ಬಾರ್ ಇದ್ದ ಗಾಳಿ 42 ಡಿಗ್ರಿಗೆ ಸುಮಾರು 215 ಬಾರ್ ಆಗುತ್ತದೆ. ಮುಚ್ಚಿದ ಕಾರಿನಲ್ಲಿ 60 ಡಿಗ್ರಿ ಮುಟ್ಟಿದರೆ 227. ಸಿಲಿಂಡರಿನ ಮೇಲೆ 200 ಎಂದು ಬರೆದಿರುವಾಗ ಇದು ಝೀರೋಗಿಂತ ದೊಡ್ಡ ಸಂಗತಿ, ಜೀವದ ಪ್ರಶ್ನೆ. ಮಾರ್ಚ್‌ನಿಂದ ಜೂನ್ ತನಕ 180 ಬಾರ್‌ಗೆ ನಿಲ್ಲಿಸಿ, ಸಿಲಿಂಡರನ್ನು ಕಾರಿನಲ್ಲಿ ಬಿಡಬೇಡಿ. ಬೇಗ ಬೇಗ ತುಂಬಿಸಿದರೆ ಒಳಗಿನ ಗಾಳಿ ಕಾಯುತ್ತದೆ. ಮಾನೋಮೀಟರ್ 200 ತೋರಿಸುತ್ತದೆ, ಆರಿದ ಮೇಲೆ 185ಕ್ಕೆ ಇಳಿಯುತ್ತದೆ. ಅದನ್ನು ಸೋರಿಕೆ ಎಂದು ತಿಳಿದು ಸೀಲ್ ಬಿಚ್ಚಿಸಿದವರಿದ್ದಾರೆ. ನಿಧಾನ ತುಂಬಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಅಲ್ಯೂಮಿನಿಯಂ ಸಿಲಿಂಡರಿನ ಮೇಲೆ ತಯಾರಾದ ವರ್ಷ ಕೊರೆದಿರುತ್ತದೆ. 10 ವರ್ಷ ಆಗಿದ್ದರೆ ಅದನ್ನು ಬದಲಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜಿಲ್ಲಾ ಕೇಂದ್ರಗಳಲ್ಲಿ 200 ಬಾರ್‌ನ ಶುದ್ಧ ಗಾಳಿ ತುಂಬುವ ಕಂಪ್ರೆಸರ್ ಸುಲಭಕ್ಕೆ ಸಿಗುವುದಿಲ್ಲ, ಆದರೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಎಲ್ಲೆಡೆ ಸಿಗುತ್ತದೆ. ಅದನ್ನು ರೈಫಲ್‌ಗೆ ಎಂದೂ ತುಂಬಿಸಬೇಡಿ. ಒಳಗಿರುವ ಎಣ್ಣೆ, ಗ್ರೀಸು ಒತ್ತಡದ ಆಕ್ಸಿಜನ್‌ಗೆ ತಾಗಿದರೆ ಸಿಡಿಯುತ್ತದೆ. ಕೈಪಂಪ್ ನಿಧಾನವಾದರೂ ಅದೇ ಒಳ್ಳೆಯದು. ಪ್ರತಿ ಐದು ನಿಮಿಷಕ್ಕೆ ಪಂಪನ್ನು ಆರಲು ಬಿಡಿ, ತೇವ ಹೀರುವ ಫಿಲ್ಟರ್ ಇರಲಿ. ಮಳೆಗಾಲದಲ್ಲಿ ಆ ಫಿಲ್ಟರಿನ ಹರಳುಗಳು ಬೇಗ ಬಣ್ಣಗೆಡುತ್ತವೆ. ನೋಡದೆ ಬಿಟ್ಟರೆ ನೀರು ರೆಗ್ಯುಲೇಟರ್ ಸೇರುತ್ತದೆ.

ರೆಗ್ಯುಲೇಟರ್ ಹಳತಾದಾಗ ತೋರುವ ಲಕ್ಷಣ ಬಲು ಸ್ಪಷ್ಟ. ಹತ್ತು ನಿಮಿಷ ಸುಮ್ಮನಿದ್ದು ಹೊಡೆದ ಮೊದಲ ಶಾಟ್ ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಎರಡನೆಯದರಿಂದ ಸರಿ ಹೋಗುತ್ತದೆ. ಸೀಲ್ ಸವೆದು ಒತ್ತಡ ಒಳಗೊಳಗೇ ಏರುತ್ತಿರುತ್ತದೆ. ಒಂದು ವಾರ ಪ್ರತಿ ವಿರಾಮದ ನಂತರದ ಮೊದಲ ಶಾಟ್‌ಗೆ ಹಾಳೆಯ ಮೇಲೆ ಪೆನ್ಸಿಲ್ ಸುತ್ತು ಹಾಕುತ್ತ ಹೋಗಿ. ಸುತ್ತು ಹಾಕಿದವೆಲ್ಲ ಒಂದೇ ಕಡೆ ಸೇರಿದರೆ ರೈಫಲ್ ಮೆಕ್ಯಾನಿಕ್ ಹತ್ತಿರ ಹೋಗಬೇಕು. ಮನೆಯಲ್ಲಿ ಬಿಚ್ಚುವ ಭಾಗ ಅದಲ್ಲ. ಹಳೆಯ ಕಾರ್ಬನ್ ಡೈಆಕ್ಸೈಡ್ ರೈಫಲ್ ಇದ್ದವರು ಬೇಸಿಗೆಯಲ್ಲಿ ಅದನ್ನು ನೆಚ್ಚಿ ಪಂದ್ಯಕ್ಕೆ ಹೋಗಬೇಡಿ. ಆ ಅನಿಲದ ಒತ್ತಡ 20 ಡಿಗ್ರಿಗೆ ಸುಮಾರು 57 ಬಾರ್, 30ಕ್ಕೆ 72. 31 ಡಿಗ್ರಿ ದಾಟಿದ ಮೇಲೆ ಎಷ್ಟು ತುಂಬಿದ್ದೀರಿ ಎನ್ನುವುದರ ಮೇಲೆ ಅದು ಏರುತ್ತಲೇ ಹೋಗುತ್ತದೆ.

ಆದರೆ ನಮ್ಮ ಕಡೆಯ ರೇಂಜ್‌ಗಳಲ್ಲಿ ಝೀರೋ ಕೆಡಿಸುವ ದೊಡ್ಡ ಕಾರಣ ಕೂಲರ್. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಜಾಕೆಟ್ ತೊಟ್ಟು ನಿಲ್ಲುವುದು ಆಗದ ಮಾತು, ಯಾರನ್ನೂ ತಪ್ಪು ಹೇಳಲಾಗದು. ಆದರೆ ಲೆಕ್ಕ ನೋಡಿ: ಸೆಕೆಂಡಿಗೆ 1 ಮೀಟರ್ ವೇಗದ ಅಡ್ಡಗಾಳಿ ಪೂರ್ತಿ 10 ಮೀಟರ್ ಹಾದಿಯಲ್ಲಿ ಬೀಸಿದರೆ ಪೆಲೆಟ್ ಸುಮಾರು 2 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಇಷ್ಟು ಗಾಳಿ ಮೈಗೆ ತಿಳಿಯುವುದೂ ಇಲ್ಲ. ಅಡ್ಡಗಾಳಿ ಶೂಟರ್ ಹತ್ತಿರ ತಾಗಿದರೆ ಹೆಚ್ಚು ಕೆಡಿಸುತ್ತದೆ, ಟಾರ್ಗೆಟ್ ಹತ್ತಿರ ತಾಗಿದರೆ ಕಡಿಮೆ, ಏಕೆಂದರೆ ಮೊದಲು ತಳ್ಳಿಸಿಕೊಂಡ ಪೆಲೆಟ್ ಉಳಿದ ದಾರಿಯಲ್ಲೂ ಸರಿಯುತ್ತಲೇ ಇರುತ್ತದೆ. ಕೂಲರನ್ನು ಪಕ್ಕದ ಕಿಟಕಿಯಿಂದ ತೆಗೆದು ಶೂಟರ್‌ಗಳ ಬೆನ್ನ ಹಿಂದೆ, ಗಾಳಿ ಮೇಲ್ಛಾವಣಿಯತ್ತ ಹೋಗುವಂತೆ ಇಡಿ. ಗಾಳಿ ಎಲ್ಲಿ ಹಾದುಹೋಗುತ್ತಿದೆ ಎಂದು ನೋಡಲು ಊದಿನಕಡ್ಡಿ ಸಾಕು. ಶೂಟಿಂಗ್ ನಿಂತಿರುವಾಗ, ಎಲ್ಲ ರೈಫಲ್‌ಗಳು ಖಾಲಿಯಾಗಿ ಬೆಂಚಿನ ಮೇಲಿರುವಾಗ, ಲೇನಿನಲ್ಲಿ 1, 3, 5 ಮೀಟರ್‌ಗಳಲ್ಲಿ ಹಚ್ಚಿದ ಕಡ್ಡಿ ಹಿಡಿದು ಹೊಗೆ ಯಾವ ಕಡೆ ಬಾಗುತ್ತದೆ ನೋಡಿ. ನೇರ ಮೇಲೇಳುವ ಹೊಗೆ ಒಂದೊಂದು ಲೇನಿನಲ್ಲಿ ಮಾತ್ರ ಬಾಗುವುದೂ ಉಂಟು. ಆ ಲೇನಿನಲ್ಲಿ ಝೀರೋ ಮಾಡಲೇಬೇಡಿ.

ಬೆಳಕು ಎರಡನೆಯದು. ಅಂತರರಾಷ್ಟ್ರೀಯ ನಿಯಮದಂತೆ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಇರಬೇಕು. ಶೆಡ್ಡಿನ ಬಾಗಿಲಿನಿಂದ ಬಿಸಿಲು ಬೀಳುತ್ತಿದ್ದರೆ, ಮಧ್ಯಾಹ್ನ ವೋಲ್ಟೇಜ್ ಇಳಿದು ಟ್ಯೂಬ್‌ಲೈಟ್ ಮಂಕಾದರೆ, ಕಪ್ಪು ವೃತ್ತ ಫ್ರಂಟ್ ಸೈಟಿನ ಉಂಗುರದೊಳಗೆ ಬೇರೆ ಗಾತ್ರದಲ್ಲಿ ಕಾಣುತ್ತದೆ. ಸುತ್ತಲಿನ ಬಿಳಿ ಪಟ್ಟಿ ಒಂದು ಬದಿ ದಪ್ಪ, ಒಂದು ಬದಿ ತೆಳು ಅನ್ನಿಸಿ, ಕಣ್ಣು ಅದನ್ನು ಸರಿ ಮಾಡಲು ಹೋಗಿ ರೈಫಲನ್ನೇ ಸರಿಸುತ್ತದೆ. ಯಾವ ಕಡೆಗೆ ಎಂಬುದು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ, ಅದಕ್ಕೆ ಸೂತ್ರವಿಲ್ಲ. ಬದಿಯ ಬಾಗಿಲಿಗೆ ಪರದೆ ಕಟ್ಟಿ, ಐರಿಸ್ ಅನ್ನು (ರಿಯರ್ ಸೈಟಿನ ಹಿಗ್ಗಿಸಿ ಕುಗ್ಗಿಸುವ ಕಿಂಡಿಯನ್ನು) ಬೆಳಕಿಗೆ ತಕ್ಕಂತೆ ಹೊಂದಿಸಿ, ಹೆಚ್ಚಿನವರಿಗೆ 1.0ರಿಂದ 1.2 ಮಿ.ಮೀ. ಒಪ್ಪುತ್ತದೆ. ಐರಿಸ್ ಬದಲಿಸಿದ ಮೇಲೆ ಐದು ಶಾಟ್ ಹೊಡೆದು ನೋಡದೆ ಮುಂದೆ ಹೋಗಬೇಡಿ.

ಇನ್ನು ದೇಹ. ಕ್ಯಾನ್ವಾಸ್ ಜಾಕೆಟ್ ಬೆವರಿಗೆ ಮೆತ್ತಗಾಗುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ಹಿಡಿದಿದ್ದ ಅದೇ ಜಾಕೆಟ್ 11 ಗಂಟೆಗೆ ಕುಸಿಯುತ್ತದೆ, ಎಡಮೊಣಕೈ ಸೊಂಟದ ಮೇಲೆ ಇನ್ನಷ್ಟು ಕೆಳಗೆ ಕೂರುತ್ತದೆ, ಕಪ್ಪು ವೃತ್ತ ಮುಟ್ಟಲು ಶೂಟರ್ ತೋಳಿನ ಬಲದಿಂದ ರೈಫಲ್ ಎತ್ತುತ್ತಾನೆ. ಆಗ ಗ್ರೂಪ್ ಮೇಲೆ ಕೆಳಗೆ ಉದ್ದವಾಗುತ್ತದೆ. ಪರೀಕ್ಷೆ ಸುಲಭ: ರೈಫಲ್ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಉಂಗುರ ಕಪ್ಪಿನ ಮೇಲಿಲ್ಲದಿದ್ದರೆ ಪಕ್ಕದ ತಪ್ಪಿಗೆ ಪಾದ ಸರಿಸಿ, ಮೇಲೆ ಕೆಳಗಿನ ತಪ್ಪಿಗೆ ಬಟ್‌ಪ್ಲೇಟ್ (ಭುಜಕ್ಕೆ ಒರಗುವ ಹಿಂಭಾಗದ ತಟ್ಟೆ) ಹೊಂದಿಸಿ. ಸೈಟಿಗೆ ಕೈ ಹಾಕಬೇಡಿ. ನೆಲ ಶಹಾಬಾದ್ ಫರ್ಸಿಯದಾಗಿದ್ದರೆ ಎರಡು ಕಲ್ಲುಗಳ ಸಂದಿಯ ಮೇಲೆ ಪಾದ ಬಾರದಂತೆ ನಿಲ್ಲಿ; ಒಂದು ಕಲ್ಲು ಕೂದಲೆಳೆಯಷ್ಟು ಅಲುಗಿದರೂ ಬ್ಯಾರಲ್‌ನ ತುದಿಯಲ್ಲಿ ಕಾಣುತ್ತದೆ. ಪಾದದ ಜಾಗಕ್ಕೆ ಟೇಪ್ ಅಂಟಿಸಿ. ಕೆನ್ನೆಯ ಬೆವರು ಒರೆಸಿ, ಇಲ್ಲವಾದರೆ ತಲೆ ಜಾರುತ್ತದೆ. ರೈಫಲ್ ಒಂದು ಡಿಗ್ರಿ ವಾಲಿದರೆ 0.3 ಮಿ.ಮೀ. ಪಕ್ಕಕ್ಕೆ, ದಣಿದಾಗ ಮೂರು ಡಿಗ್ರಿ ವಾಲುವುದು ಗೊತ್ತೇ ಆಗುವುದಿಲ್ಲ.

ಇವೆಲ್ಲದರ ನಡುವೆ ಕಾರಣ ಹಿಡಿಯಲು ಗ್ರೂಪಿನ ಆಕಾರವೇ ದಾರಿ ತೋರಿಸುತ್ತದೆ. ಗುಂಡಗೇ ಉಳಿದು ಪಕ್ಕಕ್ಕೆ ಸರಿದಿದ್ದರೆ ಗಾಳಿ ಅಥವಾ ವಾಲುವಿಕೆ, ನೇರ ಕೆಳಗಾದರೆ ಒತ್ತಡ, ಉದ್ದವಾದರೆ ಹಿಡಿತ, ಎರಡು ಬೇರೆ ಬೇರೆ ಗುಂಪಾದರೆ ಎಲ್ಲೋ ಸ್ಕ್ರೂ ಸಡಿಲ. ಆಮೇಲೆ ಮರಳಿನ ಚೀಲದ ಮೇಲೆ ಹತ್ತು ಶಾಟ್. ಅಲ್ಲಿ ಹತ್ತರಲ್ಲೇ ಬಿದ್ದರೆ ರೈಫಲ್ ಸರಿಯಿದೆ.

ಮಳೆಗಾಲದ ಕಾಟ ಬೇರೆ ಬಗೆಯದು. ಸೀಸದ ಪೆಲೆಟ್ ತೇವಕ್ಕೆ ಬಿಳಿ ಪುಡಿ ಕಟ್ಟುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಎರೆಭೂಮಿಯ ಸಣ್ಣ ಧೂಳು ಪೆಲೆಟಿನ ಅಂಚಿಗೆ ಅಂಟಿದರೆ ಬ್ಯಾರಲ್ ಸವೆಯುತ್ತದೆ, ನೆಲಕ್ಕೆ ಬಿದ್ದ ಪೆಲೆಟನ್ನು ಮತ್ತೆ ತುಂಬಬೇಡಿ. ಪೆಲೆಟಿನ ತಲೆಯ ವ್ಯಾಸ 4.49 ಮಿ.ಮೀ.ನಿಂದ 4.50ಕ್ಕೆ ಹೋದರೆ, ಅಥವಾ ಅದೇ ಗಾತ್ರದ ಹೊಸ ಲಾಟ್ (ಒಟ್ಟಿಗೆ ತಯಾರಾದ ಕಂತು) ಬಂದರೆ, ಝೀರೋ ಹೊಸದಾಗಿ ನೋಡಬೇಕು. ಫೆಲ್ಟ್ (ಒತ್ತಿದ ಉಣ್ಣೆಯ ತುಣುಕು) ಹಾಕಿ ಬ್ಯಾರಲ್ ಒರೆಸಿದ ಮೇಲೆ ಮೊದಲ 15–20 ಶಾಟ್ ಸ್ಥಿರವಾಗಿರುವುದಿಲ್ಲ, ಪಂದ್ಯದ ಹಿಂದಿನ ರಾತ್ರಿ ಒರೆಸಬಾರದು. ಟಾರ್ಗೆಟ್ ಹಾಳೆ ತೇವ ಹೀರಿದರೆ ತೂತು ಹರಿದು ಎರಡು ಹಲ್ಲು ಬಿಟ್ಟಂತೆ ಕಾಣುತ್ತದೆ, ಅಂಕವೂ ತಪ್ಪಾಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೀದರ್‌ನ ಚಳಿಗಾಲದ ಬೆಳಿಗ್ಗೆಗಳಲ್ಲಿ ಸೀಲು, ಗ್ರೀಸು ಬಿಗಿಯಾಗಿರುತ್ತವೆ. ಮೊದಲ 15 ಶಾಟ್ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಾಕು.

ಸ್ಪ್ರಿಂಗ್ ರೈಫಲ್‌ನಲ್ಲಿ ಕಲಿಯುವ ಮಕ್ಕಳು ಅದನ್ನು ಚೀಲದ ಮೇಲೆ ಒತ್ತಿ ಹಿಡಿದು ಝೀರೋ ಮಾಡಬಾರದು. ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ; ಅಂಗೈ ತೆರೆದು, ಪ್ರತಿ ಸಲ ಅದೇ ಜಾಗದಲ್ಲಿ ಇಟ್ಟುಕೊಳ್ಳಬೇಕು. ಬ್ಯಾರಲ್ ಮಡಚುವ ಮಾದರಿಯಲ್ಲಿ ಕೀಲಿನ ಸ್ಕ್ರೂ ಸಡಿಲಾಗುವುದು ಸಾಮಾನ್ಯ.

ಬೆಂಗಳೂರಿನ ಪಂದ್ಯಕ್ಕೆ ರಾತ್ರಿ ರೈಲು ಹತ್ತುವ ಮುನ್ನ ರಿಯರ್ ಸೈಟ್, ಫ್ರಂಟ್ ಸೈಟ್‌ಗಳ ಸ್ಕ್ರೂ ತಲೆಯಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆಯಿರಿ. ಇಳಿದ ಮೇಲೆ ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ. ಎಸಿ ಬೋಗಿಯಿಂದ ಬಂದ ರೈಫಲ್ ತಣ್ಣಗಿರುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಬ್ಯಾರಲ್ ಮೇಲೆ ನೀರು ಕಟ್ಟುತ್ತದೆ, 45 ನಿಮಿಷ ಮುಚ್ಚಿಯೇ ಇಡಿ. ಜೇಬಿನ ಪುಸ್ತಕದಲ್ಲಿ ಸೈಟಿನ ಅಂಕೆ, ಪೆಲೆಟ್ ಲಾಟ್, ಬಾರ್, ಉಷ್ಣಾಂಶ, ಲೇನ್ ಬರೆದಿರಲಿ. ಪಂದ್ಯಕ್ಕೆ ಮುಂಚಿನ ಸಿದ್ಧತೆ ಮತ್ತು ಸೈಟಿಂಗ್‌ನ 15 ನಿಮಿಷದಲ್ಲಿ ಆ ಲೇನಿನ ಬೆಳಕಿಗೆಂದು ಹಾಕಿದ ಕ್ಲಿಕ್‌ಗಳನ್ನೂ ಅದರಲ್ಲೇ ಬರೆಯಿರಿ. ಊರಿಗೆ ಮರಳಿದ ದಿನ ಮೊದಲು ಅಷ್ಟು ಕ್ಲಿಕ್ ಹಿಂದಕ್ಕೆ ತಿರುವಿ, ಆಮೇಲೆ ಮೊದಲ ಶಾಟ್ ಹೊಡೆಯಿರಿ.