ಹದಿನೆಂಟು ಪಾಲಕರು, ಒಂದು ಜಂಟಿ ಖಾತೆ: ಎಸ್‌ಡಿಎಂಸಿ ನಡೆದು ಬಂದ ದಾರಿ

ಒಂದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಯಾರು ಎಂದು ಕೇಳಿದರೆ ಒಬ್ಬ ಪಾಲಕರ ಹೆಸರು ಬರುತ್ತದೆ. ಅಲ್ಲಿಂದ ನೂರು ಹೆಜ್ಜೆ ಆಚೆಯ ಹೈಸ್ಕೂಲಿನಲ್ಲಿ ಕೇಳಿದರೆ ಶಾಸಕರ ಹೆಸರು ಬರಬಹುದು, ಊರಿನವರೊಬ್ಬರು ‘ಕಾರ್ಯಾಧ್ಯಕ್ಷ’ರಾಗಿರುತ್ತಾರೆ. ಒಂದು ಕಡೆ ಚುನಾವಣೆಗೆ ಪೊಲೀಸರು ಬಂದು ನಿಲ್ಲುವ ಮಟ್ಟಿನ ಜಿದ್ದು, ಇನ್ನೊಂದು ಕಡೆ ಹೆಸರು ಕೊಡಿ ಎಂದು ಮುಖ್ಯ ಶಿಕ್ಷಕರು ಮನೆಮನೆ ತಿರುಗಿದರೂ ಒಪ್ಪುವವರಿಲ್ಲ. ಶಾಲೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ನೂರು ವರ್ಷಗಳಿಂದ ಒಂದರ ಮೇಲೊಂದು ಉತ್ತರ ಬರೆದಿದ್ದೇವೆ, ಹಳೆಯದನ್ನು ಪೂರ್ತಿ ಅಳಿಸಿಲ್ಲ. ಈಗಿನ ಗೊಂದಲಕ್ಕೆ ಅದೇ ಕಾರಣ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. ಮುಂಬೈ ಪ್ರಾಂತ್ಯ 1923ರ ಕಾಯ್ದೆಯಿಂದ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಬೋರ್ಡುಗಳಿಗೆ ಕೊಟ್ಟಿತು. 1947ರ ಕಾಯ್ದೆ ಜಿಲ್ಲಾ ಸ್ಕೂಲ್ ಬೋರ್ಡುಗಳನ್ನು ಗಟ್ಟಿಮಾಡಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆ ಆ ಬೋರ್ಡು ಬಂದದ್ದು ಹೀಗೆ. ಮೈಸೂರು ಸಂಸ್ಥಾನ 1930ರಲ್ಲಿ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಶಾಲೆಗಳನ್ನು ವಹಿಸಿತು, 1941ರಲ್ಲಿ ವಾಪಸ್ ತೆಗೆದುಕೊಂಡಿತು. ಕೊಡುವುದು, ಹತ್ತು ವರ್ಷ ನೋಡುವುದು, ಹಿಂದಕ್ಕೆ ಎಳೆದುಕೊಳ್ಳುವುದು. ಈ ಚಾಳಿ ಮುಂದೆಯೂ ಬಿಡಲಿಲ್ಲ. 1983ರ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದಾಗ ಪ್ರಾಥಮಿಕ ಶಾಲೆಗಳ ಆಡಳಿತ ಜಿಲ್ಲೆಯ ಮಟ್ಟಕ್ಕೆ ಇಳಿಯಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಹೆಸರಿನ ಜೊತೆ ಸೇರಿಹೋದ ಕಾಲ ಅದು. ಸಂವಿಧಾನದ 73ನೇ ತಿದ್ದುಪಡಿ ಪ್ರಾಥಮಿಕ, ಪ್ರೌಢ ಶಿಕ್ಷಣವನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಗೆ ಸೇರಿಸಿತು. ‘ವಹಿಸಬಹುದಾದ’ ಎಂಬ ಮಾತಿನ ಬಾಗಿಲು ಎರಡೂ ಕಡೆ ತೆರೆಯುತ್ತದೆ.

ಶಾಲೆಯ ಅಂಗಳದಲ್ಲಿ ಆಗ ಇದ್ದದ್ದು ಬೆಟರ್‌ಮೆಂಟ್ ಕಮಿಟಿ, ಆಮೇಲೆ ಗ್ರಾಮ ಶಿಕ್ಷಣ ಸಮಿತಿ. ಎರಡರಲ್ಲೂ ಊರಿನ ಹಿರಿಯರು, ದಾನಿಗಳು, ಪಟೇಲರ ಮನೆಯವರು ಕೂರುತ್ತಿದ್ದರು. ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕೆಂದೇನೂ ಇರಲಿಲ್ಲ. ಧ್ವಜಾರೋಹಣಕ್ಕೆ ಬಂದು ಸಿಹಿ ಹಂಚಿದರೆ ವರ್ಷದ ಕೆಲಸ ಬಹುತೇಕ ಮುಗಿದಂತೆ.

ತಿರುವು ಬಂದದ್ದು ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯಿಂದ. ಅದರ ಶಿಫಾರಸಿನ ಬೆನ್ನಲ್ಲೇ 2001ರ ಏಪ್ರಿಲ್ 28ರಂದು ಸರ್ಕಾರ ಆದೇಶ ಹೊರಡಿಸಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಹುಟ್ಟುಹಾಕಿತು. ಶಾಲೆಯ ಎಲ್ಲ ಪಾಲಕರೂ ಸೇರಿದರೆ ಪಾಲಕರ ಪರಿಷತ್ತು, ಆ ಪರಿಷತ್ತು ತನ್ನೊಳಗಿಂದ ಒಂಬತ್ತು ಮಂದಿಯನ್ನು ಆರಿಸುತ್ತದೆ. ಆ ಶಾಲೆಯಲ್ಲಿ ಮಗು ಓದುತ್ತಿದ್ದರೆ ಮಾತ್ರ ಮತ, ಮಾತ್ರ ಸ್ಥಾನ. ಕೂಲಿಗೆ ಹೋಗುವ ತಾಯಿಗೆ ಮುಖ್ಯ ಶಿಕ್ಷಕರ ಎದುರು ಕುರ್ಚಿ ಹಾಕಿಸಿದ್ದು ಈ ಒಂದು ಷರತ್ತು.

ಅದೇ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನವೂ ಶುರುವಾಯಿತು. ಅದರ ನಿಯಮದಂತೆ ಕೊಠಡಿ ಕಟ್ಟುವ ಕೆಲಸ ಗುತ್ತಿಗೆದಾರನಿಗಲ್ಲ, ಸಮುದಾಯಕ್ಕೆ. ದುಡ್ಡು ಬರುತ್ತಿದ್ದದ್ದು ಅಧ್ಯಕ್ಷ ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ. ವರ್ಷದ ಶಾಲಾ ಅನುದಾನ ಕಿರಿಯ ಪ್ರಾಥಮಿಕಕ್ಕೆ 5 ಸಾವಿರ, ಹಿರಿಯದಕ್ಕೆ 7 ಸಾವಿರ ಇದ್ದ ಕಾಲದಲ್ಲಿ ಒಂದು ಕೊಠಡಿಯ ಲಕ್ಷಗಟ್ಟಲೆ ಹಣ ಎಂದರೆ ಊರಿಗೆ ಊರೇ ಕಣ್ಣಿಡುವ ಮೊತ್ತ. ಚೆನ್ನಾಗಿ ಕಟ್ಟಿಸಿದವರೂ ಇದ್ದರು, ಸಿಮೆಂಟಿನಲ್ಲಿ ಕೈಯಾಡಿಸಿದವರೂ ಇದ್ದರು. ಅಧ್ಯಕ್ಷಗಿರಿಗೆ ಪೈಪೋಟಿ ಹುಟ್ಟಿದ್ದು ಮಾತ್ರ ಈ ಚೆಕ್‌ಬುಕ್ಕಿನಿಂದ. ಸಹಿ ಹಾಕುವ ಅಧಿಕಾರ ಇಲ್ಲದಿದ್ದರೆ ಅಧ್ಯಕ್ಷರನ್ನು ಶಾಲೆಯಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆದೇಶದಿಂದ ಹುಟ್ಟಿದ ಸಮಿತಿಯನ್ನು ಇನ್ನೊಂದು ಆದೇಶದಿಂದ ಮುಗಿಸಬಹುದು. ಜೊತೆಗೆ, ಚುನಾಯಿತ ಗ್ರಾಮ ಪಂಚಾಯಿತಿ ಇರುವಾಗ ಪಕ್ಕದಲ್ಲೇ ಇನ್ನೊಂದು ಚುನಾಯಿತ ಸಮಿತಿ ಏಕೆ ಎಂಬ ತಕರಾರು ವಿಕೇಂದ್ರೀಕರಣದ ಪರ ಇದ್ದವರಿಂದಲೇ ಬಂತು. ಅದಕ್ಕೆ ಉತ್ತರವಾಗಿ 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯಡಿ ಮಾದರಿ ಉಪವಿಧಿಗಳು ಬಂದವು. ಎಸ್‌ಡಿಎಂಸಿ ಗ್ರಾಮ ಪಂಚಾಯಿತಿಯ ನಾಗರಿಕ ಸೌಲಭ್ಯ ಸಮಿತಿಯ ಅಡಿಯ ಉಪಸಮಿತಿಯಾಯಿತು. ಕಾಗದದ ಮೇಲೆ ಇದು ಅಚ್ಚುಕಟ್ಟು. ಶಾಲೆಗೆ ಕಾನೂನಿನ ಬುನಾದಿ, ಪಂಚಾಯಿತಿಗೆ ಹೊಣೆ. ನಡೆದದ್ದು ಬೇರೆ. ಶಿಕ್ಷಕರು ನೋಡುವುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸುತ್ತೋಲೆ, ಪಂಚಾಯಿತಿ ಸದಸ್ಯರು ನೋಡುವುದು ತಮ್ಮ ವಾರ್ಡು. ಶೌಚಾಲಯದ ನೀರಿನ ಪೈಪು ಪಂಚಾಯಿತಿಯದೋ ಇಲಾಖೆಯದೋ ಎಂಬುದು ತೀರ್ಮಾನವಾಗುವಷ್ಟರಲ್ಲಿ ಬೇಸಿಗೆ ರಜೆ ಬಂದಿರುತ್ತದೆ.

2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆಲ್ಲ ಮೇಲೊಂದು ಪದರ ಹಾಸಿತು. ಅದರ 21ನೇ ಕಲಂ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳನ್ನು ಬಿಟ್ಟು ಉಳಿದೆಡೆ ಸಮಿತಿಯ ಮುಕ್ಕಾಲು ಪಾಲು ಪಾಲಕ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗಬೇಕು. 2012ರಲ್ಲಿ ಬಂದ ರಾಜ್ಯದ ನಿಯಮಗಳು ಎಸ್‌ಡಿಎಂಸಿ ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡು ಆಯ್ಕೆಯಾಗುವ ಪಾಲಕರ ಸಂಖ್ಯೆಯನ್ನು 18ಕ್ಕೆ ಏರಿಸಿದವು. ಅವಧಿ ಮೂರು ವರ್ಷ, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ.

ಜಗಳಗಳು ಹುಟ್ಟುವುದು ಹೆಚ್ಚಾಗಿ ಈ ಹದಿನೆಂಟರ ಲೆಕ್ಕದಲ್ಲೇ. ಒಂದು ಶಾಲೆಯಲ್ಲಿ 120 ಮಕ್ಕಳಿದ್ದಾರೆ, ಅವರಲ್ಲಿ 40 ಪರಿಶಿಷ್ಟ ಜಾತಿ, 20 ಪರಿಶಿಷ್ಟ ಪಂಗಡ ಎಂದಿಟ್ಟುಕೊಳ್ಳಿ. 18ನ್ನು 40ರಿಂದ ಗುಣಿಸಿ 120ರಿಂದ ಭಾಗಿಸಿದರೆ 6 ಸ್ಥಾನ, ಪಂಗಡಕ್ಕೆ ಅದೇ ರೀತಿ 3. ಉಳಿದ 9 ಇತರರಿಗೆ. ಹದಿನೆಂಟರಲ್ಲಿ 9 ಮಹಿಳೆಯರು ಬರಬೇಕಾದ್ದರಿಂದ ಒಂದೊಂದು ವರ್ಗದೊಳಗೂ ಅರ್ಧರ್ಧ ಹಂಚಿಕೊಂಡು ಹೋಗುವುದು ಸುಲಭದ ದಾರಿ. 3, 9ರಂಥ ಬೆಸ ಸಂಖ್ಯೆ ಬಂದ ಕಡೆ ಮಿಕ್ಕುವ ಒಂದು ಸ್ಥಾನ ಯಾರಿಗೆ ಎಂದು ಮೊದಲೇ ಬರೆದಿಡಬೇಕು. ತಪ್ಪುವುದು ಎರಡು ಕಡೆ. ಒಂದು, ದಾಖಲಾತಿ ವಹಿಯ ಬದಲು ಊರಿನ ಜನಸಂಖ್ಯೆ ಹಿಡಿದು ಲೆಕ್ಕ ಹಾಕುವುದು. ಮೇಲ್ವರ್ಗದ ಮಕ್ಕಳು ಬಸ್ಸು ಹತ್ತಿ ಕಾನ್ವೆಂಟಿಗೆ ಹೋಗುವ ಊರುಗಳಲ್ಲಿ ಶಾಲೆಯ ಲೆಕ್ಕ, ಊರಿನ ಲೆಕ್ಕ ಎರಡೂ ಒಂದಲ್ಲ. ಇನ್ನೊಂದು, ಹಂಚಿಕೆಯನ್ನು ಸಭೆಯ ದಿನವೇ ಹೇಳುವುದು. ಪಾಲಕರ ಪಟ್ಟಿಯನ್ನೂ ಸ್ಥಾನ ಹಂಚಿಕೆಯನ್ನೂ ಕೆಲವು ದಿನ ಮೊದಲೇ ಸೂಚನಾ ಫಲಕಕ್ಕೆ ಅಂಟಿಸಿದ ಶಾಲೆಗಳಲ್ಲಿ ಕೂಗಾಟ ಕಡಿಮೆ. ಪಟ್ಟಿಯಲ್ಲಿ ತಂದೆಯ ಹೆಸರಷ್ಟೇ ಇರುವುದು ಮತ್ತೊಂದು ಹಳೆಯ ರೋಗ. ತಂದೆ ತಾಯಿ ಬೆಂಗಳೂರಿಗೆ ದುಡಿಯಲು ಹೋಗಿ ಅಜ್ಜಿ ಮನೆಯಲ್ಲಿ ಬೆಳೆಯುವ ಮಗುವಿಗೆ ಅಜ್ಜಿಯೇ ಪೋಷಕಿ. ಮಗುವನ್ನು ನೋಡಿಕೊಳ್ಳುವವರನ್ನು ಕಾಯ್ದೆ ಪೋಷಕರೆಂದೇ ಕರೆಯುತ್ತದೆ, ಆದರೆ ಆಕೆಯನ್ನು ಸಭೆಗೆ ಕರೆಯುವವರು ಅಪರೂಪ.

ಸಣ್ಣ ಶಾಲೆಗಳ ಪಾಡು ಬೇರೆಯೇ. ಮಲೆನಾಡಿನ ಹತ್ತು ಹನ್ನೆರಡು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 18 ಸ್ಥಾನ ತುಂಬಲು ಅಷ್ಟು ಮನೆಗಳೇ ಇರುವುದಿಲ್ಲ. ಮಗು ಶಾಲೆ ಬಿಟ್ಟರೆ ಪಾಲಕರ ಸದಸ್ಯತ್ವವೂ ಹೋಗುತ್ತದೆ, ಹಾಗಾಗಿ ನಾಲ್ಕನೇ ತರಗತಿಯ ಮಗುವಿನ ತಾಯಿ ಅಧ್ಯಕ್ಷೆಯಾದರೆ ಐದು ಮುಗಿದು ಬೇರೆ ಶಾಲೆಗೆ ಹೋಗುವವರೆಗೆ ಹೆಚ್ಚೆಂದರೆ ಎರಡು ವರ್ಷ. ಮೂರು ವರ್ಷ ಪೂರ್ತಿ ಬೇಕಾದರೆ ಒಂದರಿಂದ ಮೂರರೊಳಗಿನ ಮಕ್ಕಳ ಪಾಲಕರನ್ನು ಆರಿಸಬೇಕು. ಗೊತ್ತಿದ್ದ ಶಿಕ್ಷಕರು ಇದನ್ನು ಸಭೆಯಲ್ಲೇ ಹೇಳಿಬಿಡುತ್ತಾರೆ.

ಅಧ್ಯಕ್ಷರು ಬದಲಾದಾಗ ಖಾತೆಯ ಸಹಿಯೂ ಬದಲಾಗಬೇಕು. ನಡಾವಳಿಯ ಪ್ರತಿ, ಹೊಸಬರ ಆಧಾರ್, ಪ್ಯಾನ್, ಫೋಟೊ, ಹಳಬರ ಹೆಸರು ತೆಗೆಯುವ ಪತ್ರ ಬ್ಯಾಂಕಿಗೆ ಹೋಗಬೇಕು. ಪ್ಯಾನ್ ಇಲ್ಲದ ಕೂಲಿಕಾರ ಹೆಣ್ಣುಮಗಳು ಅಧ್ಯಕ್ಷೆಯಾದರೆ ಇದಕ್ಕೇ ವಾರಗಳು ಹಿಡಿಯುತ್ತವೆ. ಚುನಾವಣೆಯನ್ನು ಜನವರಿ ಫೆಬ್ರುವರಿಗೆ ತಳ್ಳಿದರೆ ಆರ್ಥಿಕ ವರ್ಷದ ಕೊನೆ ಅಷ್ಟರಲ್ಲಿ ತಲೆಯ ಮೇಲಿರುತ್ತದೆ. 2021ರಿಂದ, ಸರ್ವ ಶಿಕ್ಷಣ ಅಭಿಯಾನದ ಜಾಗಕ್ಕೆ ಬಂದ ಸಮಗ್ರ ಶಿಕ್ಷಣ ಯೋಜನೆಯ ಹಣ ಶಾಲೆಯ ಖಾತೆಯಲ್ಲಿ ಬಂದು ಕೂರುವುದೂ ಇಲ್ಲ. ರಾಜ್ಯಕ್ಕೆ ಒಂದೇ ನೋಡಲ್ ಖಾತೆ, ಶಾಲೆಗೆ ಕಾಣುವುದು ಖರ್ಚು ಮಾಡಬಹುದಾದ ಮಿತಿ ಮಾತ್ರ. ಮಾರ್ಚ್ 31ರೊಳಗೆ ಬಳಸದಿದ್ದರೆ ಮಿತಿ ಹಿಂದಕ್ಕೆ ಹೋಗುತ್ತದೆ. ಇದರಿಂದ ಲೆಕ್ಕ ಶಿಸ್ತಿಗೆ ಬಂದಿದೆ, ಒಪ್ಪೋಣ. ಅದರ ಜೊತೆಗೇ ಊರಿನ ಸಮಿತಿ ಎರಡು ತಿಂಗಳು ಯೋಚಿಸಿ ಮಳೆಗಾಲಕ್ಕೆ ಮುನ್ನ ಹೆಂಚು ಹೊದಿಸೋಣ ಎನ್ನುವ ಸ್ವಾತಂತ್ರ್ಯವೂ ಹೋಗಿದೆ. ಮಿತಿ ಬರುವುದು ವರ್ಷದ ಕೊನೆಯಲ್ಲಾದರೆ ಮಾರ್ಚ್ ಕೊನೆಯ ವಾರ ಎಲ್ಲ ಶಾಲೆಗಳೂ ಒಟ್ಟಿಗೆ ಬಣ್ಣ, ಬಕೆಟ್, ಫಿನಾಯಿಲ್ ಕೊಳ್ಳುತ್ತವೆ.

ಮೊತ್ತವಾದರೂ ಎಷ್ಟು? ಸಂಯುಕ್ತ ಶಾಲಾ ಅನುದಾನ 30 ಮಕ್ಕಳೊಳಗಿನ ಶಾಲೆಗೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಕೊಠಡಿ ಕಾಮಗಾರಿ ಈಗ ಬಹುತೇಕ ಟೆಂಡರ್ ದಾರಿ ಹಿಡಿದಿದೆ. 2022ರ ಅಕ್ಟೋಬರಿನಲ್ಲಿ ಎಸ್‌ಡಿಎಂಸಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂದು, ಗದ್ದಲವೆದ್ದು, ಕೆಲವೇ ದಿನಗಳಲ್ಲಿ ವಾಪಸಾಯಿತು. ಸಮಿತಿಯ ಕೈಯಲ್ಲಿ ದುಡ್ಡಿಲ್ಲ ಎಂಬುದನ್ನು ಅಧಿಕೃತವಾಗಿ ಒಪ್ಪಿಕೊಂಡಂತಿದ್ದ ಕಾಗದ ಅದು.

ಕಾಯ್ದೆಯ 22ನೇ ಕಲಂ ಸಮಿತಿಗೆ ಕೊಟ್ಟ ದೊಡ್ಡ ಕೆಲಸ ಶಾಲಾ ಅಭಿವೃದ್ಧಿ ಯೋಜನೆ. ಕೇಂದ್ರದ ಮಾದರಿ ನಿಯಮದಂತೆ ಅದು ಮೂರು ವರ್ಷದ ಯೋಜನೆ: ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಕೊಠಡಿ, ನೀರು, ಶೌಚಾಲಯ ಎಷ್ಟು ಬೇಕು, ಎಷ್ಟು ಹಣ. ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದೂ ಅದು ಹೇಳುತ್ತದೆ. ಯೋಜನೆಯನ್ನು ಹಲವೆಡೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೊಟ್ಟ ನಮೂನೆಯಲ್ಲಿ ಮುಖ್ಯ ಶಿಕ್ಷಕರೇ ತುಂಬುತ್ತಾರೆ, ನಡಾವಳಿ ಪುಸ್ತಕ ಸಹಿಗಾಗಿ ಮನೆಮನೆ ಸುತ್ತುತ್ತದೆ, ಅಧ್ಯಕ್ಷೆಯ ಬದಲು ಗಂಡ ಮಾತಾಡುತ್ತಾನೆ. ಇದನ್ನು ಪಾಲಕರ ಉದಾಸೀನ ಎನ್ನುವುದು ಸುಲಭ. ಆದರೆ ‘ಗಣಿತಕ್ಕೆ ಶಿಕ್ಷಕರಿಲ್ಲ’ ಎಂದು ಯೋಜನೆಯಲ್ಲಿ ಬರೆದ ಸಮಿತಿಗೆ ಶಿಕ್ಷಕರನ್ನು ಕೊಡುವ ಅಧಿಕಾರವಿಲ್ಲ. ನೇಮಕಾತಿ ರಾಜ್ಯದ್ದು, ವರ್ಗಾವಣೆ ಕೌನ್ಸೆಲಿಂಗಿನದ್ದು. ಅತಿಥಿ ಶಿಕ್ಷಕರು ಬರುವುದೂ ಮೇಲಿಂದ ಸಂಖ್ಯೆ ಮಂಜೂರಾದ ಮೇಲೆಯೇ. ಒಂದು ವರ್ಷ ಬರೆದು, ಮರುವರ್ಷವೂ ಅದನ್ನೇ ಬರೆದ ತಾಯಿ ಮೂರನೇ ವರ್ಷ ಕೂಲಿ ಬಿಟ್ಟು ಸಭೆಗೆ ಬರಬೇಕೆಂದು ನಿರೀಕ್ಷಿಸುವುದು ಕಷ್ಟ.

ಇನ್ನು ಹೈಸ್ಕೂಲಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತರಿಂದ ಮೇಲೆ ಮುಕ್ಕಾಲು ಪಾಲು ಪಾಲಕರು ಎಂಬ ಕಾನೂನಿನ ಕಟ್ಟು ಇಲ್ಲ. ಶಾಸಕರು ಅಧ್ಯಕ್ಷರು, ಸ್ಥಳೀಯರು ಕಾರ್ಯಾಧ್ಯಕ್ಷರು ಎಂಬ ಪದ್ಧತಿ ಪ್ರೌಢಶಾಲೆ, ಪಿಯು ಕಾಲೇಜುಗಳಲ್ಲಿ ಉಳಿದದ್ದು ಈ ಜಾಗದಲ್ಲಿ. ಸರ್ಕಾರ ಬದಲಾದಾಗ ಕಾರ್ಯಾಧ್ಯಕ್ಷರೂ ಬದಲಾದರೆ ಊರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಶಾಸಕರ ನಿಧಿಯಿಂದ ಕಾಂಪೌಂಡ್ ಬರುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕ್ಷೇತ್ರವೊಂದರಲ್ಲಿ ಹತ್ತಾರು ಹೈಸ್ಕೂಲುಗಳಿರುವಾಗ ಎಲ್ಲದರ ತಿಂಗಳ ಸಭೆಗೆ ಒಬ್ಬರೇ ಅಧ್ಯಕ್ಷರು ಹೇಗೆ ಬಂದಾರು?

2018-19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಈ ಎರಡು ಪದ್ಧತಿಗಳನ್ನು ಒಂದೇ ಕಾಂಪೌಂಡಿನೊಳಗೆ ತಂದಿವೆ. ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣ. ಒಂದರಿಂದ ಎಂಟು ಕಾಯ್ದೆಯೊಳಗೆ, ಮೇಲಿನದು ಹೊರಗೆ. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಇಲ್ಲಿಗೆ ಸೇರಿಸುವ ಮಾತು ಬಂದಾಗ ಚರ್ಚೆಯಾಗುವುದು ಬಸ್ಸು, ಕೊಠಡಿ, ಇಂಗ್ಲಿಷ್ ಮಾಧ್ಯಮದ ಬಗ್ಗೆ. ಐದು ಹಳ್ಳಿಯ ಶಾಲೆಗಳು ಮುಚ್ಚಿದರೆ ಅವುಗಳ ಐದು ಸಮಿತಿಗಳೂ ಹೋಗುತ್ತವೆ. ಉಳಿಯುವ ಒಂದೇ ಸಮಿತಿಯಲ್ಲಿ ಆ ಐದು ಹಳ್ಳಿಗಳ ತಾಯಂದಿರಿಗೆ ಎಷ್ಟು ಕುರ್ಚಿ, ಎಂಟು ಕಿಲೋಮೀಟರ್ ದೂರದಿಂದ ಸಂಜೆಯ ಸಭೆಗೆ ಬಂದವರು ವಾಪಸ್ ಹೋಗಲು ಯಾವ ಬಸ್ಸು ಎಂಬ ಮಾತು ಆ ಚರ್ಚೆಯಲ್ಲಿ ಕೇಳಿಬರುವುದು ಕಡಿಮೆ.