ರ‍್ಯಾಪ್ಸ್ ಇಲ್ಲದ ಡೆಕೊರೇಟರ್ ಎರಡನೇ ಸಲ ಕೈಕೊಡುತ್ತದೆ

"ರ‍್ಯಾಪ್ಸ್ ಇರೋದು ಡಾಕ್‌ಸ್ಟ್ರಿಂಗ್‌ಗೆ ತಾನೆ, ಆಮೇಲೆ ಸೇರಿಸಿದರಾಯ್ತು." ಪೈಥಾನ್ ಕೋಡ್ ರಿವ್ಯೂಗಳಲ್ಲಿ ಈ ಮಾತು ನಿಲ್ಲುವುದೇ ಇಲ್ಲ. ಫಂಕ್‌ಟೂಲ್ಸ್ ಮಾಡ್ಯೂಲಿನ ರ‍್ಯಾಪ್ಸ್, ಮೂಲ ಫಂಕ್ಷನ್ನಿನ ಹೆಸರು, ವಿವರಣೆ (ಡಾಕ್‌ಸ್ಟ್ರಿಂಗ್) ಮುಂತಾದ ಗುರುತನ್ನು ಅದನ್ನು ಸುತ್ತುವ ಫಂಕ್ಷನ್‌ಗೆ ದಾಟಿಸುತ್ತದೆ. ಫಂಕ್ಷನ್ ಮೇಲೆ @ ಹಾಕಿ ಬರೆದು ಅದಕ್ಕೆ ಹೆಚ್ಚಿನ ಕೆಲಸ ಸೇರಿಸುವ ಡೆಕೊರೇಟರ್ ಹಾಕಿದ ಮೇಲೆ, ಆ ಫಂಕ್ಷನ್ನಿನ ಹೆಸರಿಗೆ ಸಿಗುವುದು ನಿಮ್ಮ ಫಂಕ್ಷನ್ ಅಲ್ಲ, ಅದನ್ನು ಸುತ್ತಿಕೊಂಡ ರ‍್ಯಾಪರ್. ರ‍್ಯಾಪ್ಸ್ ಇಲ್ಲದಿದ್ದರೆ ಅದರ __ನೇಮ್__ ಕೇಳಿದರೆ 'ರ‍್ಯಾಪರ್' ಎಂದೇ ಬರುತ್ತದೆ. ಆ ಹೆಸರನ್ನೇ ನಂಬಿ ನಡೆಯುವ ಲೈಬ್ರರಿಗಳು ಬೇಕಾದಷ್ಟಿವೆ.

ವೆಬ್ ಫ್ರೇಮ್‌ವರ್ಕ್ ಆದ ಫ್ಲಾಸ್ಕ್ ನೋಡಿ. ಎಂಡ್‌ಪಾಯಿಂಟ್ ಹೆಸರನ್ನು (ರೂಟನ್ನು ಒಳಗೆ ಗುರುತಿಸುವ ಹೆಸರು) ನೀವು ಕೊಡದಿದ್ದರೆ ಅದು ವ್ಯೂ ಫಂಕ್ಷನ್ನಿನ, ಅಂದರೆ ಆ ಯುಆರ್‌ಎಲ್‌ಗೆ ಉತ್ತರ ಕೊಡುವ ಫಂಕ್ಷನ್ನಿನ, __ನೇಮ್__ ತೆಗೆದುಕೊಳ್ಳುತ್ತದೆ. ಲಾಗಿನ್ ಪರೀಕ್ಷಿಸುವ ಡೆಕೊರೇಟರನ್ನು ಖಾತೆಯ ವ್ಯೂಗೆ ಹಾಕಿದಿರಿ, ನಡೆಯಿತು. ಮುಂದೆ ಬಿಲ್ಲಿನ ವ್ಯೂಗೂ ಹಾಕಿದಿರಿ, ಆ್ಯಪ್ ಏಳುವುದೇ ಇಲ್ಲ: ಅಸರ್ಷನ್ ಎರರ್. ಎರಡೂ 'ರ‍್ಯಾಪರ್' ಎಂಬ ಒಂದೇ ಹೆಸರಿಗೆ ಬಂದು ಕೂತಿವೆ. ಪಾಪ, ಹುಡುಗರು ಎರಡನೇ ವ್ಯೂನಲ್ಲಿ ತಪ್ಪು ಹುಡುಕುತ್ತಾ ರೂಟ್ ಬದಲಿಸುತ್ತಾರೆ, ಯುಆರ್‌ಎಲ್ ತಿದ್ದುತ್ತಾರೆ. ತಪ್ಪು ಮೊದಲಿನಿಂದಲೂ ಡೆಕೊರೇಟರ್‌ನಲ್ಲೇ ಇತ್ತು. ಇನ್ನೊಂದು ಫ್ರೇಮ್‌ವರ್ಕ್ ಫಾಸ್ಟ್‌ಎಪಿಐನಲ್ಲಾದರೆ, ರ‍್ಯಾಪರಿನ ಸಿಗ್ನೇಚರ್ ನೋಡಿ, ಆರ್ಗ್ಸ್, ಕ್ವಾರ್ಗ್ಸ್ ಎಂಬ ಕ್ವೆರಿ ಪ್ಯಾರಾಮೀಟರ್ ಎಲ್ಲಿ ಎಂದು 422 ದೋಷ ಬರುತ್ತದೆ.

ಇನ್ನು, ಎಲ್ಲಿ ಬರೆಯಬೇಕು? ಒಳಗಿನ ಡೆಫ್ ರ‍್ಯಾಪರ್ ಸಾಲಿನ ಮೇಲೆ, @ರ‍್ಯಾಪ್ಸ್(ಫಂಕ್) ಎಂದು. ಹೊರಗಿನ ಡೆಕೊರೇಟರ್ ಮೇಲಲ್ಲ. ಫಂಕ್ ಎಂದರೆ ಡೆಕೊರೇಟರ್‌ಗೆ ಬಂದ ಮೂಲ ಫಂಕ್ಷನ್. ಡೆಕೊರೇಟರ್ ತಾನೇ ಆರ್ಗ್ಯುಮೆಂಟ್ ತೆಗೆದುಕೊಳ್ಳುವಂತಿದ್ದು ಮೂರು ಪದರ ಇದ್ದರೂ ತೀರಾ ಒಳಗಿನದಕ್ಕೇ. (ಫಂಕ್) ಬಿಟ್ಟು ಬರೀ @ರ‍್ಯಾಪ್ಸ್ ಬರೆದರೆ ಇಂಪೋರ್ಟ್ ಆಗುವಾಗ ಏನೂ ಗೊತ್ತಾಗದು. ಡೆಕೊರೇಟರ್ ಹಾಕಿದ ಫಂಕ್ಷನ್ನನ್ನು ಆರ್ಗ್ಯುಮೆಂಟ್ ಇಲ್ಲದೆ ಕರೆದಾಗ, ಅಪ್‌ಡೇಟ್_ರ‍್ಯಾಪರ್‌ಗೆ ಒಂದು ಆರ್ಗ್ಯುಮೆಂಟ್ ಕಡಿಮೆಯಾಗಿದೆ ಎಂಬ ಟೈಪ್ ಎರರ್ ಬರುತ್ತದೆ. ಆ ಫಂಕ್ಷನ್ ನಿಮ್ಮ ಕೋಡಿನಲ್ಲಿ ಎಲ್ಲೂ ಇಲ್ಲವಲ್ಲ ಎಂದು ಗಾಬರಿಯಾಗಬೇಡಿ, ರ‍್ಯಾಪ್ಸ್ ಒಳಗೊಳಗೆ ಕರೆಯುವುದು ಅದನ್ನೇ.

ಸರಿಯಾಗಿ ಹಾಕಿದರೆ __ನೇಮ್__, __ಕ್ವಾಲ್‌ನೇಮ್__, __ಮಾಡ್ಯೂಲ್__, __ಡಾಕ್__ ನಕಲಾಗುತ್ತವೆ, __ಡಿಕ್ಟ್__ ಸೇರಿಕೊಳ್ಳುತ್ತದೆ. ಜೊತೆಗೆ ಮೂಲ ಫಂಕ್ಷನ್ __ರ‍್ಯಾಪ್ಡ್__ನಲ್ಲಿ ಸಿಗುತ್ತದೆ. ಇನ್‌ಸ್ಪೆಕ್ಟ್ ಮಾಡ್ಯೂಲ್ ಅದರ ಜಾಡು ಹಿಡಿದೇ ನಿಜವಾದ ಸಿಗ್ನೇಚರ್ ತೋರಿಸುವುದು. ಟೆಸ್ಟ್ ಬರೆಯುವಾಗ ಡೆಕೊರೇಟರ್ ದಾಟಿ ಮೂಲವನ್ನು ನೇರ ಕರೆಯಲೂ ಇದು ಒದಗುತ್ತದೆ.

ಆದರೆ ಬದಲಾಗುವುದು ಗುರುತು ಮಾತ್ರ, ನಡತೆಯಲ್ಲ. ಟ್ರೇಸ್‌ಬ್ಯಾಕ್‌ನಲ್ಲಿ 'ರ‍್ಯಾಪರ್' ಎಂಬ ಸಾಲು ಹಾಗೇ ಇರುತ್ತದೆ, ಏಕೆಂದರೆ ಆ ಹೆಸರು ಬರುವುದು ಕೋಡ್ ಆಬ್ಜೆಕ್ಟಿನಿಂದ. ಮೂಲ ಫಂಕ್ಷನ್ ಅಸಿಂಕ್ ಆಗಿದ್ದರೆ ರ‍್ಯಾಪರನ್ನೂ ಅಸಿಂಕ್ ಮಾಡಿ ಒಳಗೆ ಅವೇಟ್ ಬರೆಯುವ ಕೆಲಸ ನಿಮ್ಮದೇ. ಬರೆಯದಿದ್ದರೆ ಸಮಯ ಅಳೆಯುವ ಡೆಕೊರೇಟರ್, ಎರಡು ಸೆಕೆಂಡ್ ಹಿಡಿಯುವ ಕೆಲಸಕ್ಕೂ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ: ಅದು ಅಳೆದದ್ದು ಕೊರುಟೀನ್ (ಕರೆದರೂ ಇನ್ನೂ ಓಡದ ಅಸಿಂಕ್ ಕೆಲಸ) ಹುಟ್ಟಿದ ಹೊತ್ತನ್ನು, ಓಡಿದ ಹೊತ್ತನ್ನಲ್ಲ.